ಯಾರ ಕಡೆಯಿಂದ ಬಂತು ಈ ಕಾಯಿಲೆ?

ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ತೆಗೆದ ಫೋಟೊ ಅದು. ಅಪ್ಪನ ಹೆಗಲ ಮೇಲೆ ಒಂದೂವರೆ ವರ್ಷದ ಗಂಡುಮಗು, ಕೈಯಲ್ಲಿ ಬೆಂಡು-ಬತ್ತಾಸಿನ ಪೊಟ್ಟಣ. ರಾತ್ರಿ ಹೊತ್ತಾದ್ದರಿಂದ ಮೊಬೈಲಿನ ಫ್ಲ್ಯಾಶ್ ಬಿದ್ದಿದೆ. ಎಡಗಣ್ಣಿನ ಪಾಪೆ ಎಲ್ಲರದರಂತೆ ಕೆಂಪಗೆ ಹೊಳೆದರೆ, ಬಲಗಣ್ಣಿನದು ಸುಣ್ಣದ ಚುಕ್ಕೆಯಂತೆ ಬೆಳ್ಳಗಿದೆ. ಮನೆಯವರು ‘ಬೆಕ್ಕಿನ ಕಣ್ಣು’ ಎಂದು ಮುದ್ದಾಡಿ ಸುಮ್ಮನಾಗಿದ್ದರು. ಎರಡು ತಿಂಗಳ ಮೇಲೆ ಮಗುವಿಗೆ ಮೆಳ್ಳೆಗಣ್ಣು ಕಾಣಿಸಿಕೊಂಡಾಗ ಡಾಕ್ಟರು ಟಾರ್ಚ್ ಹಿಡಿದು ನೋಡಿ, ಅವತ್ತೇ ಬೆಂಗಳೂರಿಗೆ ಹೊರಡಿ ಎಂದರು. ರೆಟಿನೊಬ್ಲಾಸ್ಟೋಮಾ, ಅಂದರೆ ಕಣ್ಣಿನ ಅಕ್ಷಿಪಟಲದ ಕ್ಯಾನ್ಸರ್. ಬಲಗಣ್ಣನ್ನು ತೆಗೆಯಬೇಕಾಯಿತು. ಎಡಗಣ್ಣಿನಲ್ಲೂ ಎರಡು ಸಣ್ಣ ಗಡ್ಡೆಗಳಿದ್ದವು. ಅವನ್ನು ಕಿಮೊ ಮತ್ತು ಲೇಸರ್‌ನಿಂದ ಕರಗಿಸಿದರು. ಆ ಕಣ್ಣು ಉಳಿದಿದೆ, ಮಗುವೂ ಉಳಿದಿದೆ.

ಜಗಳೂರು ಕಡೆಯ ಹಳ್ಳಿಯ ಆ ಕುಟುಂಬ ನನಗೆ ಪರಿಚಯದ್ದು. ಆಸ್ಪತ್ರೆ ಓಡಾಟಕ್ಕೆ ಜೊತೆಗೆ ಹೋಗಿದ್ದೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮಗುವಿನ ಅಜ್ಜಿ, ಅಂದರೆ ತಂದೆಯ ತಾಯಿ, ಸೊಸೆಯ ಕಡೆ ತಿರುಗಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ನಮ್ಮ ಮನೆತನದಾಗೆ ಇಂಥದ್ದು ಯಾರಿಗೂ ಇಲ್ಲ. ನಿಮ್ಮ ಕಡೆ ಯಾರಿಗಾದ್ರೂ ಇತ್ತೇನವ್ವ?” ಸೊಸೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯೇ, ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಇವಳು ಹಿತ್ತಲಿಗೆ ಹೋಗಿದ್ದಳು ಎಂದು ನೆನಪಿಸಿಕೊಂಡರು. ಮಗುವಿನ ತಂದೆಗೆ ಬೇರೆಯದೇ ಕೊರಗು. “ಈರುಳ್ಳಿಗೆ ಔಷಧಿ ಹೊಡೆದು ಅದೇ ಅಂಗಿಯಾಗೆ ಮಗೂನ್ನ ಎತ್ಕೊಂತಿದ್ದೆ ಸಾರ್. ಅದರಿಂದ್ಲೇ ಆಗಿರ್ಬೇಕು” ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದ.

ವಂಶ, ಗ್ರಹಣ, ಔಷಧಿ. ಒಂದೇ ಬೆಂಚಿನ ಮೇಲೆ ಮೂರು ಉತ್ತರಗಳು. ಗ್ರಹಣದ ಮಾತಿಗೆ ಯಾವ ಆಧಾರವೂ ಇಲ್ಲ, ಅದನ್ನು ಅಲ್ಲಿಗೇ ಬಿಡೋಣ. ಉಳಿದೆರಡು ಹಾಗಲ್ಲ. ಹುಟ್ಟಿನಿಂದ ಬಂದ ಜೀನ್ ದೋಷ ಮತ್ತು ಸುತ್ತಲಿನ ಪರಿಸರ, ಇವೆರಡೂ ಮಕ್ಕಳ ಕ್ಯಾನ್ಸರಿನಲ್ಲಿ ಪಾತ್ರ ವಹಿಸುತ್ತವೆ ಎಂಬುದು ನಿಜವೇ. ಆದರೆ ಅಜ್ಜಿ ಅಂದುಕೊಂಡ ಹಾಗೂ ಅಲ್ಲ, ಆ ತಂದೆ ಅಂದುಕೊಂಡ ಹಾಗೂ ಅಲ್ಲ. ‘ಯಾರ ಕಡೆಯಿಂದ ಬಂತು’ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ತಾಯಂದಿರನ್ನು ಸುಡುತ್ತಿದೆ. ವಿಜ್ಞಾನ ಈ ಪ್ರಶ್ನೆಗೆ ಕೊಡುವ ಉತ್ತರ ಗೊತ್ತಾದರೆ ಆ ಬೆಂಕಿಯ ಬಹುಪಾಲು ಆರುತ್ತದೆ ಎಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ಕಿಂಡಿ ಕಾಯುವ ಇಬ್ಬರು

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವರಲ್ಲಿ ಹುಟ್ಟುವಾಗಲೇ ದೋಷವಿರುವ ಜೀನ್ ಹೊತ್ತು ಬಂದವರು ಎಷ್ಟು? 2015ರಲ್ಲಿ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಕ್ಯಾನ್ಸರ್‌ಪೀಡಿತ ಮಕ್ಕಳ ಜೀನ್‌ಗಳನ್ನು ಓದಿ ನೋಡಿದಾಗ ಸಿಕ್ಕ ಉತ್ತರ ಶೇ 8.5. ಆಮೇಲಿನ ಅಧ್ಯಯನಗಳೂ ಹೆಚ್ಚುಕಡಿಮೆ ಇದೇ ಲೆಕ್ಕ ಕೊಟ್ಟಿವೆ. ಅಂದರೆ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳ ವಿಷಯದಲ್ಲಿ, ಗೊತ್ತಿರುವ ಯಾವ ಆನುವಂಶಿಕ ಕ್ಯಾನ್ಸರ್ ಜೀನಿನ ದೋಷವೂ ಕಾಣುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಎಲ್ಲ ಕ್ಯಾನ್ಸರೂ ಜೀನ್‌ಗಳ ಕಾಯಿಲೆಯೇ. ಯಾವುದೋ ಒಂದು ಜೀವಕೋಶದ ಜೀನ್‌ಗಳು ಕೆಟ್ಟು, ಅದು ಎಲ್ಲೆ ಮೀರಿ ಬೆಳೆಯುವುದೇ ಕ್ಯಾನ್ಸರ್. ಆದರೆ ‘ಜೀನ್ ಕೆಟ್ಟಿದೆ’ ಎಂದಾಕ್ಷಣ ‘ವಂಶದಿಂದ ಬಂದಿದೆ’ ಎಂದಲ್ಲ. ಬಹುತೇಕ ಮಕ್ಕಳಲ್ಲಿ ಜೀನ್ ಕೆಟ್ಟಿರುವುದು ಆ ಗಡ್ಡೆಯ ಕೋಶಗಳಲ್ಲಿ ಮಾತ್ರ. ಮೈಯ ಉಳಿದ ಕೋಶಗಳೆಲ್ಲ ಸರಿಯಾಗಿಯೇ ಇರುತ್ತವೆ. ಅದು ಅಪ್ಪ ಅಮ್ಮನಿಂದ ಬಂದದ್ದೂ ಅಲ್ಲ, ಮುಂದೆ ಆ ಮಗುವಿನ ಮಕ್ಕಳಿಗೆ ಹೋಗುವುದೂ ಇಲ್ಲ. ಆನುವಂಶಿಕ ದೋಷ ಇದಕ್ಕಿಂತ ಬೇರೆ. ಅದು ಅಂಡಾಣು ಇಲ್ಲವೇ ವೀರ್ಯಾಣುವಿನಲ್ಲೇ ಇರುವುದರಿಂದ ಮಗುವಿನ ಮೈಯ ಪ್ರತಿ ಕೋಶದಲ್ಲೂ ಇರುತ್ತದೆ.

ಇಷ್ಟಾಗಿಯೂ, ಪ್ರತಿ ಕೋಶದಲ್ಲಿ ದೋಷವಿದ್ದರೆ ಮೈಯೆಲ್ಲ ಕ್ಯಾನ್ಸರ್ ಆಗಬೇಕಲ್ಲವೇ? ಆಗುವುದಿಲ್ಲ. ಏಕೆ ಎಂಬುದನ್ನು ಮೊದಲು ಸರಿಯಾಗಿ ಊಹಿಸಿದವರು ಅಮೆರಿಕದ ವೈದ್ಯ ಆಲ್‌ಫ್ರೆಡ್ ನಡ್‌ಸನ್. 1971ರಲ್ಲಿ ಅವರು ಕೈಗೆತ್ತಿಕೊಂಡದ್ದು ಇದೇ ಕಣ್ಣಿನ ಕ್ಯಾನ್ಸರನ್ನು, ಬರೀ 48 ಮಕ್ಕಳ ದಾಖಲೆಗಳನ್ನು. ಎರಡೂ ಕಣ್ಣಿಗೆ ಬಂದವರಲ್ಲಿ ಕಾಯಿಲೆ ಬೇಗ ಕಾಣಿಸಿಕೊಂಡಿತ್ತು, ಗಡ್ಡೆಗಳೂ ಹಲವು. ಒಂದೇ ಕಣ್ಣಿಗೆ ಬಂದವರಲ್ಲಿ ತಡವಾಗಿ, ಸಾಮಾನ್ಯವಾಗಿ ಒಂದೇ ಗಡ್ಡೆ. ಈ ವಯಸ್ಸಿನ ಲೆಕ್ಕವನ್ನಷ್ಟೇ ಇಟ್ಟುಕೊಂಡು ಅವರು, ಈ ಕ್ಯಾನ್ಸರ್ ಆಗಲು ಒಂದು ಕೋಶಕ್ಕೆ ಎರಡು ಪೆಟ್ಟು ಬೀಳಬೇಕು ಎಂದರು. ಆನುವಂಶಿಕವಾಗಿ ಬಂದವರಿಗೆ ಒಂದು ಪೆಟ್ಟು ಹುಟ್ಟುವ ಮೊದಲೇ ಬಿದ್ದಿರುತ್ತದೆ.

ಚಿತ್ರದುರ್ಗದವರಿಗೆ ಇದನ್ನು ವಿವರಿಸುವುದು ಸುಲಭ. ಓಬವ್ವನ ಕಿಂಡಿಯನ್ನು ನೆನಪಿಸಿಕೊಳ್ಳಿ. ಕಾವಲಿಗಿದ್ದ ಗಂಡ ಊಟಕ್ಕೆ ಹೋದಾಗ ಓಬವ್ವ ಒನಕೆ ಹಿಡಿದು ನಿಂತಳು. ಒಂದು ಕಿಂಡಿಗೆ ಇಬ್ಬರು, ಒಬ್ಬರು ಇಲ್ಲದಾಗ ಇನ್ನೊಬ್ಬರು. ನಮ್ಮ ಕೋಶದಲ್ಲೂ ಹೀಗೆಯೇ. 13ನೇ ಕ್ರೋಮೋಸೋಮಿನಲ್ಲಿರುವ ಆರ್‌ಬಿ1 ಎಂಬ ಜೀನಿನ ಕೆಲಸ ಕೋಶ ಬೇಕಾಬಿಟ್ಟಿ ಒಡೆದು ಎರಡಾಗದಂತೆ ಕಾಯುವುದು. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ, ಹೀಗೆ ಕಾವಲಿಗೆ ಇಬ್ಬರು. ಇಬ್ಬರಲ್ಲಿ ಒಬ್ಬರಿದ್ದರೂ ಕಿಂಡಿ ಭದ್ರ. ಮಾಮೂಲಿ ಮಗುವಿನಲ್ಲಿ ಒಂದೇ ಕೋಶದ ಎರಡೂ ಪ್ರತಿಗಳು ಕೆಡುವುದು ತೀರಾ ಅಪರೂಪ. ದೋಷ ಹೊತ್ತು ಹುಟ್ಟಿದ ಮಗುವಿನ ಪ್ರತಿ ಕೋಶದಲ್ಲೂ ಮೊದಲಿನಿಂದಲೇ ಒಬ್ಬರೇ ಕಾವಲು. ಅಕ್ಷಿಪಟಲ ರೂಪುಗೊಳ್ಳುವಾಗ ಲಕ್ಷಾಂತರ ಕೋಶಗಳು ಒಡೆದು ಹೆಚ್ಚುತ್ತಿರುತ್ತವೆ. ಅಷ್ಟು ಕಿಂಡಿಗಳಲ್ಲಿ ಎಲ್ಲೋ ಒಂದು ಕಡೆ ಆ ಒಬ್ಬರೂ ಬೀಳುತ್ತಾರೆ. ಅದಕ್ಕೇ ಈ ದೋಷವಿರುವ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಕಣ್ಣಿನ ಗಡ್ಡೆ ಕಾಣಿಸಿಕೊಳ್ಳುತ್ತದೆ. ನಡ್‌ಸನ್ ಊಹೆ ಸರಿ ಎಂಬುದು 1986ರಲ್ಲಿ ಆ ಜೀನನ್ನೇ ಹಿಡಿದಾಗ ಗಟ್ಟಿಯಾಯಿತು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ರೆಟಿನೊಬ್ಲಾಸ್ಟೋಮಾ ಬಂದ ಮಕ್ಕಳಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಅದು ಆನುವಂಶಿಕ ಬಗೆಯದು. ಆದರೆ ಅವರಲ್ಲೂ ಹೆಚ್ಚಿನವರ ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಇರುವುದಿಲ್ಲ. ದೋಷ ಹೊಸದಾಗಿ ಹುಟ್ಟಿದ್ದು. ಅಂಡಾಣುವೋ ವೀರ್ಯಾಣುವೋ ರೂಪುಗೊಳ್ಳುವಾಗ, ಇಲ್ಲವೇ ಭ್ರೂಣದ ಮೊದಮೊದಲ ದಿನಗಳಲ್ಲಿ, ಮುನ್ನೂರು ಕೋಟಿ ಅಕ್ಷರಗಳ ಡಿಎನ್‌ಎ ಬರಹವನ್ನು ನಕಲು ಮಾಡುವಾಗ ಆದ ಕೈತಪ್ಪು. ‘ಆನುವಂಶಿಕ’ ಎಂಬ ಪದ ನಮ್ಮನ್ನು ದಾರಿ ತಪ್ಪಿಸುವುದು ಇಲ್ಲೇ. ಇದು ಮುಂದಕ್ಕೆ ಹೋಗಬಹುದಾದದ್ದು, ಹಿಂದಿನಿಂದ ಬಂದಿರಲೇಬೇಕು ಎಂದೇನಿಲ್ಲ. ಆ ಮಗು ದೊಡ್ಡವನಾಗಿ ಮದುವೆಯಾದರೆ ಅವನ ಪ್ರತಿ ಮಗುವಿಗೂ ದೋಷ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅವನ ಅಪ್ಪ-ಅಮ್ಮನ ವಂಶದಲ್ಲಿ ಮಾತ್ರ ಹುಡುಕಿದರೂ ಏನೂ ಸಿಗದಿರಬಹುದು. ಸೊಸೆಯ ತವರನ್ನು ಜಾಲಾಡುವುದರಿಂದ ಯಾರಿಗೆ ಏನು ಪ್ರಯೋಜನ?

ಇದೇ ಮಕ್ಕಳ ಚಿಕಿತ್ಸೆಯ ಇತಿಹಾಸದಲ್ಲಿ ಜೀನು ಮತ್ತು ಪರಿಸರ ಕೈ ಜೋಡಿಸುವುದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿಯೂ ಇದೆ. ಹಿಂದೆ ಕಣ್ಣು ಉಳಿಸಲು ಹೊರಗಿನಿಂದ ವಿಕಿರಣ ಹಾಯಿಸುತ್ತಿದ್ದರು, ಜನರ ಮಾತಿನಲ್ಲಿ ಕರೆಂಟು ಕೊಡುವುದು. ಆನುವಂಶಿಕ ದೋಷವಿದ್ದ ಮಕ್ಕಳಲ್ಲಿ ವರ್ಷಗಳ ನಂತರ, ವಿಕಿರಣ ಬಿದ್ದ ಜಾಗದಲ್ಲೇ ಮೂಳೆ ಮತ್ತು ಮಾಂಸದ ಕ್ಯಾನ್ಸರ್ ಕಾಣಿಸಿಕೊಳ್ಳತೊಡಗಿತು. ಆನುವಂಶಿಕ ದೋಷ ಇಲ್ಲದ ಮಕ್ಕಳಲ್ಲಿ ಅಪಾಯ ಅಷ್ಟಿರಲಿಲ್ಲ. ವಿಕಿರಣ ಅದೇ, ಪ್ರಮಾಣ ಅದೇ, ಫಲ ಮಾತ್ರ ಬೇರೆ. ಹಾಗಾಗಿ ಇವತ್ತು ಇಂಥ ಮಕ್ಕಳಿಗೆ, ಅದರಲ್ಲೂ ಒಂದು ವರ್ಷದೊಳಗಿನವರಿಗೆ, ಹೊರಗಿನ ವಿಕಿರಣವನ್ನು ಆದಷ್ಟು ತಪ್ಪಿಸುತ್ತಾರೆ. ಟಿಪಿ53 ಎಂಬ ಇನ್ನೊಂದು ಕಾವಲು ಜೀನ್ ಕೆಟ್ಟಿರುವ ಲೀ-ಫ್ರೌಮೆನಿ ಎಂಬ ಆನುವಂಶಿಕ ಕಾಯಿಲೆಯ ಕುಟುಂಬಗಳಲ್ಲೂ ಇದೇ ಎಚ್ಚರ ಬೇಕು. ಜೀನ್ ಪರೀಕ್ಷೆಯಿಂದ ಏನು ಲಾಭ ಎಂದು ಕೇಳುವವರಿಗೆ ಇದು ಮೊದಲ ಉತ್ತರ. ಅದು ಹಣೆಬರಹ ಓದುವ ಶಾಸ್ತ್ರವಲ್ಲ, ಯಾವ ಚಿಕಿತ್ಸೆ ಬೇಡ ಎಂಬುದನ್ನೂ ಹೇಳುತ್ತದೆ.

ಬಿಸಿಲು, ರಕ್ತಸಂಬಂಧ

ನಮ್ಮ ಬಯಲುಸೀಮೆಯ ಬಿಸಿಲು ಎಲ್ಲ ಮಕ್ಕಳ ಮೇಲೂ ಒಂದೇ ಸಮ ಬೀಳುತ್ತದೆ. ಚಳ್ಳಕೆರೆಯಲ್ಲಿ ದಿನವಿಡೀ ಕುರಿ ಹಿಂದೆ ಅಲೆಯುವ ಹುಡುಗನಿಗೂ ಚರ್ಮದ ಕ್ಯಾನ್ಸರ್ ಬರುವುದು ತೀರಾ ಅಪರೂಪ, ಮೈ ಬಣ್ಣ ಅವನನ್ನು ಕಾಯುತ್ತದೆ. ಬಿಸಿಲಿನ ನೇರಳಾತೀತ ಕಿರಣ ಚರ್ಮದ ಡಿಎನ್‌ಎಗೆ ದಿನವೂ ಪೆಟ್ಟು ಕೊಡುತ್ತದೆ, ಕೋಶದೊಳಗಿನ ರಿಪೇರಿ ಕೆಲಸದವರು ದಿನವೂ ಅದನ್ನು ಸರಿಪಡಿಸುತ್ತಾರೆ. ಝೆರೋಡರ್ಮಾ ಪಿಗ್ಮೆಂಟೋಸಂ ಎಂಬ ಅಪರೂಪದ ಕಾಯಿಲೆಯ ಮಕ್ಕಳಲ್ಲಿ ಈ ರಿಪೇರಿಯವರೇ ಇರುವುದಿಲ್ಲ. 1968ರಲ್ಲಿ ವಿಜ್ಞಾನಿ ಜೇಮ್ಸ್ ಕ್ಲೀವರ್ ಇದನ್ನು ತೋರಿಸಿಕೊಟ್ಟರು. ಮುಖ, ಕುತ್ತಿಗೆ, ಕೈಗಳ ಮೇಲೆ ಚುಕ್ಕೆಗಳೆದ್ದು, ಚರ್ಮ ಒಣಗಿ, ಎಷ್ಟೋ ಮಕ್ಕಳಿಗೆ ಹತ್ತು ವರ್ಷ ತುಂಬುವ ಮೊದಲೇ ಚರ್ಮದ ಕ್ಯಾನ್ಸರ್ ಆಗುತ್ತದೆ. 20 ವರ್ಷದೊಳಗಿನವರಲ್ಲಿ ಈ ಅಪಾಯ ಉಳಿದವರಿಗಿಂತ ಸುಮಾರು 10,000 ಪಟ್ಟು ಎಂಬ ಲೆಕ್ಕವಿದೆ. ಹುಟ್ಟಿದಂದಿನಿಂದ ಬಿಸಿಲು ತಾಗದಂತೆ ಕಾಪಾಡಿದರೆ ಈ ಕ್ಯಾನ್ಸರ್‌ಗಳನ್ನು ಬಹುಮಟ್ಟಿಗೆ ತಡೆಯಬಹುದು. ಜೀನು ತುಂಬಿಟ್ಟ ಬಂದೂಕಾದರೆ ಬಿಸಿಲು ಕುದುರೆ ಎಳೆಯುವ ಬೆರಳು.

ಆರ್‌ಬಿ1 ದೋಷ ಒಂದು ಪ್ರತಿಯಲ್ಲಿದ್ದರೆ ಸಾಕು, ಮಗುವಿಗೆ ಅಪಾಯ. ಈ ರಿಪೇರಿ ಜೀನಿನ ಕಾಯಿಲೆ ಹಾಗಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿಗಳೇ ಸೇರಿದರೆ ಮಾತ್ರ ಬರುತ್ತದೆ. ಫ್ಯಾಂಕೋನಿ ಅನೀಮಿಯಾ, ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾದಂಥ, ರಕ್ತದ ಕ್ಯಾನ್ಸರಿಗೆ ದಾರಿ ಮಾಡುವ ಕೆಲವು ಕಾಯಿಲೆಗಳದೂ ಇದೇ ಕತೆ. ಸಂಬಂಧಿಕರಲ್ಲದ ಇಬ್ಬರು ಇಂಥ ಒಂದೇ ಅಪರೂಪದ ದೋಷ ಹೊತ್ತಿರುವುದು ಬಹಳ ಕಮ್ಮಿ. ಆದರೆ ಅಕ್ಕನ ಮಗಳನ್ನು ಮದುವೆಯಾದರೆ ಗಂಡ-ಹೆಂಡಿರ ನಡುವೆ ಜೀನ್‌ಗಳ ಕಾಲು ಭಾಗ ಒಂದೇ ಮೂಲದ್ದು. ಅತ್ತೆಯ ಮಗ, ಮಾವನ ಮಗಳು ಆದರೆ ಎಂಟನೇ ಒಂದು ಭಾಗ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದೊಳಗಿನದು. ದೇಶದಲ್ಲಿ ಇದು ಹೆಚ್ಚಿರುವ ರಾಜ್ಯಗಳ ಸಾಲಿನಲ್ಲೇ ನಾವಿದ್ದೇವೆ.

ಈ ಪದ್ಧತಿಗೆ ಕಾರಣಗಳು ನನಗೆ ಗೊತ್ತು. ಹೊಲ ಒಡೆಯುವುದಿಲ್ಲ, ಹೆಣ್ಣುಮಗಳು ಕಣ್ಣಳತೆಯಲ್ಲೇ ಇರುತ್ತಾಳೆ, ವರದಕ್ಷಿಣೆಯ ಕಾಟ ಕಮ್ಮಿ. ನಮ್ಮ ಮನೆಗಳಲ್ಲೇ ಇಂಥ ಎಷ್ಟೋ ಮದುವೆಗಳಾಗಿವೆ, ಮಕ್ಕಳೂ ಚೆನ್ನಾಗಿಯೇ ಇದ್ದಾರೆ. ಎಲ್ಲ ರಕ್ತಸಂಬಂಧದ ಮದುವೆಯೂ ರೋಗಿಷ್ಠ ಮಕ್ಕಳನ್ನೇ ಹೆರುತ್ತದೆ ಎಂಬುದು ಸುಳ್ಳು. ಆದರೆ ಒಂದು ಮಗುವಿಗೆ ಇಂಥ ಕಾಯಿಲೆ ಬಂದ ಮನೆತನದಲ್ಲಿ ಮತ್ತೆ ಒಳಗೊಳಗೇ ಸಂಬಂಧ ಬೆಳೆಸುವ ಮುಂಚೆ ಜೀನ್ ತಜ್ಞರ ಹತ್ತಿರ ಹೋಗದಿರುವುದು ತಪ್ಪು. ಇದನ್ನು ಮಾತ್ರ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಮದುವೆ ಮಾತುಕತೆಗೆ ಕೂತಾಗ ಕಾಯಿಲೆಯ ಸಂಗತಿ ಮುಚ್ಚಿಡುವ ಚಾಳಿ ನಮ್ಮಲ್ಲಿದೆ. ತಂಗಿಯರಿಗೆ ಗಂಡು ಸಿಗುವುದಿಲ್ಲ ಎಂಬ ಹೆದರಿಕೆ ಅದರ ಹಿಂದಿದೆ. ಮುಚ್ಚಿಟ್ಟದ್ದಕ್ಕೆ ಬೆಲೆ ಕೊಡುವುದು ಮುಂದೆ ಹುಟ್ಟುವ ಕೂಸು.

ಹೊಟ್ಟೆಯಲ್ಲೇ ಶುರು, ಆದರೆ

ಮಕ್ಕಳ ಕ್ಯಾನ್ಸರಿನಲ್ಲಿ ಮೂರನೇ ಒಂದು ಭಾಗದಷ್ಟು ರಕ್ತದ ಕ್ಯಾನ್ಸರೇ, ಅಂದರೆ ಲ್ಯುಕೀಮಿಯಾ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಇದರ ಹುಟ್ಟಿನ ಕತೆ ಸಿಕ್ಕಿದ್ದು ವಿಚಿತ್ರವಾದ ಕಡೆ. ಹಲವು ದೇಶಗಳಲ್ಲಿ ಹಸುಗೂಸಿನ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತವನ್ನು ಕಾಗದದ ಕಾರ್ಡಿನ ಮೇಲೆ ಒಣಗಿಸಿ ಇಡುತ್ತಾರೆ. ಬ್ರಿಟನ್ನಿನ ವಿಜ್ಞಾನಿ ಮೆಲ್ ಗ್ರೀವ್ಸ್ ಮತ್ತು ಸಂಗಡಿಗರು, ಮೂರು-ನಾಲ್ಕು ವರ್ಷಕ್ಕೆ ಲ್ಯುಕೀಮಿಯಾ ಬಂದ ಮಕ್ಕಳ ಹಳೆಯ ಕಾರ್ಡುಗಳನ್ನು ಹುಡುಕಿ ತೆಗೆಸಿ ನೋಡಿದರು. ಕಾಯಿಲೆಯ ಮೊದಲ ಜೀನ್ ಬದಲಾವಣೆ, ಅಂದರೆ ಎರಡು ಕ್ರೋಮೋಸೋಮುಗಳ ತುಂಡು ಅದಲುಬದಲಾಗಿ ಅಂಟಿಕೊಂಡದ್ದು, ಹುಟ್ಟಿದ ದಿನದ ಆ ಒಣ ರಕ್ತದಲ್ಲೇ ಇತ್ತು.

ಹಾಗಾದರೆ ತಾಯಿಯ ತಪ್ಪೇ? ಅಲ್ಲ. ಇದು ಗರ್ಭದಲ್ಲಿ ಆದದ್ದೇ ಹೊರತು ವಂಶದಿಂದ ಬಂದದ್ದಲ್ಲ, ತಾಯಿ ಏನೋ ತಿಂದದ್ದರಿಂದ ಆದದ್ದೂ ಅಲ್ಲ. ಆರೋಗ್ಯವಂತ ಹಸುಗೂಸುಗಳಲ್ಲೂ ನೂರರಲ್ಲಿ ಒಂದರಿಂದ ಐದು ಮಕ್ಕಳಲ್ಲಿ ಈ ಬದಲಾವಣೆ ಸಿಗುತ್ತದೆ. ಅವರಲ್ಲಿ ಲ್ಯುಕೀಮಿಯಾ ಆಗುವುದು ನೂರಕ್ಕೆ ಒಬ್ಬರಿಗೋ, ಇನ್ನೂ ಕಮ್ಮಿಯೋ. ಅವಳಿ ಮಕ್ಕಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಒಂದೇ ಮಾಸು ಹಂಚಿಕೊಂಡ ತದ್ರೂಪಿ ಅವಳಿಗಳಲ್ಲಿ ಒಬ್ಬರ ಆ ಕೋಶ ಇನ್ನೊಬ್ಬರಿಗೂ ರಕ್ತದ ಮೂಲಕ ಹರಿದು ಹೋಗುತ್ತದೆ. ಇಬ್ಬರಲ್ಲೂ ಅದೇ ಜೀನು, ಅದೇ ಮೊದಲ ಪೆಟ್ಟು. ಆದರೂ ಒಬ್ಬರಿಗೆ ಲ್ಯುಕೀಮಿಯಾ ಬಂದಾಗ ಇನ್ನೊಬ್ಬರಿಗೂ ಬರುವ ಸಾಧ್ಯತೆ ಶೇ 10ರಿಂದ 15 ಮಾತ್ರ. ಉಳಿದದ್ದನ್ನು ತೀರ್ಮಾನಿಸುವುದು ಹುಟ್ಟಿದ ಮೇಲೆ ಬೀಳುವ ಎರಡನೇ ಪೆಟ್ಟು.

ಆ ಎರಡನೇ ಪೆಟ್ಟು ಯಾವುದು? ಗ್ರೀವ್ಸ್ ಅವರ ವಾದ ಹೀಗೆ: ಮಗು ಮೊದಲ ವರ್ಷದಲ್ಲಿ ಸಾಮಾನ್ಯ ಸೋಂಕುಗಳನ್ನು ಕಾಣದೆ ಬೆಳೆದರೆ ಅದರ ರೋಗನಿರೋಧಕ ಶಕ್ತಿಗೆ ತಾಲೀಮು ಸಿಗುವುದಿಲ್ಲ. ಆಮೇಲೆ ತಡವಾಗಿ ಸೋಂಕು ಬಂದಾಗ ಅದು ಅತಿರೇಕವಾಗಿ ಕೆರಳುತ್ತದೆ, ಆ ಗದ್ದಲದಲ್ಲಿ ಮೊದಲೇ ಅರ್ಧ ಕೆಟ್ಟ ಕೋಶ ಪೂರ್ತಿ ಕೆಡುತ್ತದೆ. ಎದೆಹಾಲು ಕುಡಿದ ಮಕ್ಕಳಲ್ಲಿ, ಚಿಕ್ಕಂದಿನಲ್ಲೇ ಬೇರೆ ಮಕ್ಕಳ ಜೊತೆ ಬೆರೆತವರಲ್ಲಿ ಅಪಾಯ ಸ್ವಲ್ಪ ಕಮ್ಮಿ ಎಂಬ ಅಧ್ಯಯನಗಳು ಈ ವಾದಕ್ಕೆ ಬೆಂಬಲವಾಗಿವೆ. ಇದು ಬಲವಾದ ವಾದ, ಪೂರ್ತಿ ಸಾಬೀತಾದ ಸತ್ಯ ಎನ್ನಲಾಗದು. ಇದನ್ನು ಕೇಳಿ ಯಾರೂ ಮಗುವನ್ನು ಕೊಳಕಿನಲ್ಲಿ ಬಿಡಬೇಕಾಗಿಲ್ಲ, ಲಸಿಕೆ ತಪ್ಪಿಸುವುದಂತೂ ಕೂಡದು. ಅಂಗನವಾಡಿಯ ಮಕ್ಕಳ ಜೊತೆ ಆಡಲು ಬಿಡುವುದು, ಆರು ತಿಂಗಳು ಎದೆಹಾಲು ಕೊಡುವುದು, ಇವು ಹೇಗೂ ಒಳ್ಳೆಯವೇ.

ಲ್ಯುಕೀಮಿಯಾದಲ್ಲಿ ಹುಟ್ಟಿನಿಂದ ಬಂದ ಜೀನ್‌ಗಳಿಗೆ ಪಾತ್ರವೇ ಇಲ್ಲ ಎಂದಲ್ಲ. ಐಕೆಜೆಡ್‌ಎಫ್1, ಎಆರ್‌ಐಡಿ5ಬಿ ಮುಂತಾದ ಜೀನ್‌ಗಳ ಕೆಲವು ಸಾಮಾನ್ಯ ರೂಪಗಳು ಅಪಾಯವನ್ನು ಒಂದೂವರೆಯಿಂದ ಎರಡು ಪಟ್ಟು ಏರಿಸುತ್ತವೆ. ಇವು ನಮ್ಮಲ್ಲಿ ಲಕ್ಷಾಂತರ ಮಂದಿಗೆ ಇವೆ, ಬಹುಪಾಲು ಯಾರಿಗೂ ಏನೂ ಆಗುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಮಾತ್ರ ರಕ್ತದ ಕ್ಯಾನ್ಸರಿನ ಅಪಾಯ ಹತ್ತಿಪ್ಪತ್ತು ಪಟ್ಟು ಹೆಚ್ಚು.

ಅಂಗಳದಲ್ಲಿರುವ ಡಬ್ಬ

ಪರಿಸರ ಎಂದಾಗ ಯಾವುದು ಸಾಬೀತಾಗಿದೆ, ಯಾವುದು ಅನುಮಾನ, ಯಾವುದು ಬರೀ ಹೆದರಿಕೆ ಎಂದು ಬಿಡಿಸಿ ನೋಡಬೇಕು. ಸಾಬೀತಾದವುಗಳಲ್ಲಿ ಮೊದಲನೆಯದು ವಿಕಿರಣ. ಬಸುರಿಯರ ಹೊಟ್ಟೆಗೆ ಎಕ್ಸ್‌ರೇ ತೆಗೆಯುವುದು ಮಾಮೂಲಾಗಿದ್ದ ಕಾಲದಲ್ಲಿ, 1956ರಲ್ಲಿ, ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟೂವರ್ಟ್ ಅದಕ್ಕೂ ಮಕ್ಕಳ ಕ್ಯಾನ್ಸರಿಗೂ ನಂಟಿದೆ ಎಂದರು. ವೈದ್ಯಲೋಕ ಒಪ್ಪಲು ವರ್ಷಗಟ್ಟಲೆ ಹಿಡಿಯಿತು. ಇವತ್ತು ಗರ್ಭಿಣಿಯರಿಗೆ ಅಲ್ಟ್ರಾಸೌಂಡ್ ಮಾಡುವುದರ ಹಿಂದೆ ಆ ಹೆಣ್ಣುಮಗಳ ಹಟವಿದೆ. ಅಲ್ಟ್ರಾಸೌಂಡಿನಲ್ಲಿ ವಿಕಿರಣ ಇಲ್ಲ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ ವಿಕಿರಣಶೀಲ ಅಯೋಡಿನ್ ಬೆರೆತ ಹಾಲು ಕುಡಿದ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಆದರೆ ವಿಕಿರಣಕ್ಕೆ ಸಿಕ್ಕಿದ ತಂದೆ-ತಾಯಿಗೆ ಆಮೇಲೆ ಹುಟ್ಟಿದ ಮಕ್ಕಳಲ್ಲಿ ಹೊಸ ಜೀನ್ ದೋಷಗಳು ಹೆಚ್ಚಿಲ್ಲ ಎಂದು 2021ರ ಅಧ್ಯಯನ ತೋರಿಸಿತು.

ಸೋಂಕೂ ಪರಿಸರವೇ. ಆಫ್ರಿಕಾದ ಮಲೇರಿಯಾ ಪ್ರದೇಶಗಳಲ್ಲಿ ಮಕ್ಕಳ ದವಡೆ ಊದಿಸುವ ಬರ್ಕಿಟ್ ಲಿಂಫೋಮಾ ಎಬ್‌ಸ್ಟೀನ್-ಬಾರ್ ವೈರಸ್ ಮತ್ತು ಮಲೇರಿಯಾ ಕೂಡಿ ತರುವ ಕಾಯಿಲೆ. ತೈವಾನಿನಲ್ಲಿ 1984ರಿಂದ ಹಸುಗೂಸುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕತೊಡಗಿದ ಮೇಲೆ ಮಕ್ಕಳ ಪಿತ್ತಜನಕಾಂಗದ ಕ್ಯಾನ್ಸರ್ ಹತ್ತೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನಮ್ಮ ಆಶಾ ಕಾರ್ಯಕರ್ತೆ ಚುಚ್ಚಿಸಿಕೊಂಡು ಬನ್ನಿ ಎಂದು ಬಾಗಿಲಿಗೆ ಬಂದು ಕರೆಯುವ ಲಸಿಕೆಗಳಲ್ಲಿ ಅದೂ ಒಂದು.

ಇನ್ನು ಆ ತಂದೆಯ ಕೊರಗಿನ ವಿಷಯ. ನಾವು ಕೀಟನಾಶಕಕ್ಕೆ ‘ಔಷಧಿ’ ಎನ್ನುತ್ತೇವೆ. ಜ್ವರಕ್ಕೆ ನುಂಗುವುದೂ ಔಷಧಿ, ಹುಳಕ್ಕೆ ಹೊಡೆಯುವುದೂ ಔಷಧಿ. ಪದವೇ ಅಪಾಯವನ್ನು ಮರೆಸಿಬಿಟ್ಟಿದೆ. ಮಲೇಬೆನ್ನೂರಿನ ಗದ್ದೆಯ ಬದಿಯಲ್ಲಿರಲಿ, ಹೊಸದುರ್ಗದ ದಾಳಿಂಬೆ ತೋಟದಲ್ಲಿರಲಿ, ಒಂದು ಮನೆಯ ಅಂಗಳ ನೋಡಿ. ಬೆನ್ನಿಗೆ ಹಾಕುವ ಪಂಪು ಬಚ್ಚಲ ಗೋಡೆಗೆ ಒರಗಿರುತ್ತದೆ, ತಳದಲ್ಲಿ ಒಂದಿಷ್ಟು ದ್ರಾವಣ ಉಳಿದಿರುತ್ತದೆ. ಖಾಲಿ ಡಬ್ಬ ತೊಳೆದು ಅದರಲ್ಲಿ ಸೀಮೆಎಣ್ಣೆಯನ್ನೋ ಬಿತ್ತನೆ ಬೀಜವನ್ನೋ ಇಟ್ಟಿರುತ್ತಾರೆ. ಹೊಡೆದು ಬಂದ ಅಂಗಿಯನ್ನು ಮನೆಯವರ ಬಟ್ಟೆಯ ಜೊತೆಗೇ ನೆನೆಸುತ್ತಾರೆ, ಒಗೆಯುವವಳು ಹೆಚ್ಚಾಗಿ ಬಸುರಿಯೋ ಬಾಣಂತಿಯೋ ಆಗಿರುತ್ತಾಳೆ.

ಗರ್ಭಿಣಿಯಾಗಿದ್ದಾಗ ಮನೆಯೊಳಗೆ ಇಲ್ಲವೇ ಕೆಲಸದಲ್ಲಿ ಕೀಟನಾಶಕದ ಸಂಪರ್ಕಕ್ಕೆ ಬಂದ ತಾಯಂದಿರ ಮಕ್ಕಳಲ್ಲಿ ಲ್ಯುಕೀಮಿಯಾ ಸ್ವಲ್ಪ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿದಾಗ ಕಾಣುತ್ತದೆ. ನಂಟು ಕಂಡಿದೆ, ಇದೇ ಕಾರಣ ಎಂಬುದು ಸಾಬೀತಾಗಿಲ್ಲ. ಇಲ್ಲಿಯೂ ಜೀನಿನ ಕೈ ಇದೆ. ಪಿಒಎನ್1 ಎಂಬ ಜೀನ್ ತಯಾರಿಸುವ ಕಿಣ್ವ ರಕ್ತಕ್ಕೆ ಸೇರಿದ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕವನ್ನು ಒಡೆದು ಹಾಕುತ್ತದೆ. ಕೆಲವರಲ್ಲಿ ಅದು ಚುರುಕು, ಕೆಲವರಲ್ಲಿ ಮಂದ, ಅದು ಹುಟ್ಟಿನಿಂದಲೇ ಬಂದದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಹಸುಗೂಸುಗಳಲ್ಲಿ ಈ ಕಿಣ್ವ ದೊಡ್ಡವರಿಗಿಂತ ಬಹಳ ಕಮ್ಮಿ. ಅಪ್ಪನ ಮೈ ತಡೆದುಕೊಳ್ಳುವ ವಿಷವನ್ನು ಕೂಸಿನ ಮೈ ತಡೆದುಕೊಳ್ಳುವುದಿಲ್ಲ. ಆದ್ದರಿಂದ ಆ ತಂದೆಗೆ ನಾನು ಹೇಳಿದ್ದು ಎರಡು ಮಾತು. ನಿನ್ನ ಮಗನ ಕಣ್ಣಿನ ಕಾಯಿಲೆ ನಿನ್ನ ಅಂಗಿಯಿಂದ ಬಂತು ಎನ್ನಲು ಆಧಾರವಿಲ್ಲ, ಆ ಭಾರವನ್ನು ಇಳಿಸು. ಆದರೂ ಇನ್ನು ಮೇಲೆ ಸ್ನಾನ ಮಾಡಿ, ಅಂಗಿ ಬದಲಿಸಿ ಮಗುವನ್ನು ಎತ್ತಿಕೋ.

ಹೊಗೆಯ ವಿಷಯವೂ ಇದೇ ರೀತಿ. ದಾವಣಗೆರೆಯ ಮಂಡಕ್ಕಿಗೆ ಹೆಸರಿದೆ. ಆ ಮಂಡಕ್ಕಿ ಹುರಿಯುವ ಭಟ್ಟಿಗಳ ಸುತ್ತ ಬದುಕುವ ಮಕ್ಕಳ ಮೂಗಿನ ಹೊಳ್ಳೆಯೊಳಗೆ ಮಸಿ ಕಟ್ಟಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಹೊರಗಿನ ವಾಯುಮಾಲಿನ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅದು ಮುಖ್ಯವಾಗಿ ದೊಡ್ಡವರ ಶ್ವಾಸಕೋಶದ ಕ್ಯಾನ್ಸರಿಗೆ ಸಂಬಂಧಿಸಿದ ತೀರ್ಮಾನ. ಮಕ್ಕಳ ಮಟ್ಟಿಗೆ ಪೆಟ್ರೋಲು, ವಾಹನದ ಹೊಗೆಯಲ್ಲಿರುವ ಬೆಂಜೀನಿಗೂ ರಕ್ತದ ಕ್ಯಾನ್ಸರಿಗೂ ನಂಟಿನ ಸೂಚನೆಗಳಿವೆ. ತಂದೆ-ತಾಯಿಯ ಬೀಡಿ-ಸಿಗರೇಟು ಮಕ್ಕಳ ಪಿತ್ತಜನಕಾಂಗದ ಹೆಪಟೋಬ್ಲಾಸ್ಟೋಮಾ ಎಂಬ ಗಡ್ಡೆಗೆ ಕಾರಣವಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಇದೆ ಎಂದು ಅದೇ ಸಂಸ್ಥೆ ಹೇಳಿದೆ. ಮೊಬೈಲ್ ಟವರ್ ಬೇಡ ಎಂದು ಓಣಿಯವರೆಲ್ಲ ಸಹಿ ಹಾಕುವುದನ್ನು ನೋಡಿದ್ದೇನೆ. ಟವರಿನ ಅಲೆಗಳಿಗೆ ಡಿಎನ್‌ಎಯನ್ನು ಮುರಿಯುವ ಶಕ್ತಿ ಇಲ್ಲ. ಅದೇ ಓಣಿಯ ಜಗುಲಿಯ ಮೇಲೆ ಮೊಮ್ಮಗನನ್ನು ತೊಡೆಯಲ್ಲಿಟ್ಟುಕೊಂಡು ಬೀಡಿ ಸೇದುವುದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಹೆದರಿಕೆ ಸರಿಯಾದ ಕಡೆ ತಿರುಗಬೇಕಿದೆ.

ಇಷ್ಟೆಲ್ಲ ಹೇಳಿದ ಮೇಲೂ ಒಪ್ಪಿಕೊಳ್ಳಲೇಬೇಕಾದ ಮಾತೊಂದಿದೆ. ಮಕ್ಕಳ ಗಡ್ಡೆಗಳಲ್ಲಿ ಜೀನ್ ದೋಷಗಳ ಸಂಖ್ಯೆ ದೊಡ್ಡವರ ಗಡ್ಡೆಗಳಿಗಿಂತ ಬಹಳ ಕಮ್ಮಿ, 2018ರ ಒಂದು ದೊಡ್ಡ ಅಧ್ಯಯನದ ಪ್ರಕಾರ 14ನೇ ಒಂದು ಪಾಲು. ನಲವತ್ತು ವರ್ಷ ತಂಬಾಕು ಜಗಿದವನ ಬಾಯಿಯ ಕೋಶದಲ್ಲಿ ಆ ನಲವತ್ತು ವರ್ಷದ ಗಾಯಗಳಿರುತ್ತವೆ. ಮೂರು ವರ್ಷದ ಕೂಸು ಯಾವ ಪರಿಸರವನ್ನು ಅಷ್ಟು ದಿನ ಕಂಡಿದೆ? ಬೆಳೆಯುವ ಮೈಯಲ್ಲಿ ಕೋಶಗಳು ಒಂದೇ ಸಮನೆ ಒಡೆಯುತ್ತಿರುತ್ತವೆ, ಪ್ರತಿ ಸಲವೂ ನಕಲಿನಲ್ಲಿ ತಪ್ಪಾಗುವ ಸಾಧ್ಯತೆ ಇರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಕಾಯಿಲೆಗೆ ಇಂಥ ಆಕಸ್ಮಿಕ ತಪ್ಪೇ ಮೂಲ. ಯಾರೂ ಮಾಡಿದ್ದಲ್ಲ, ಯಾರ ಪಾಪವೂ ಅಲ್ಲ. ವೈದ್ಯರು ಈ ಮಾತನ್ನು ತಾಯಂದಿರಿಗೆ ಕೂರಿಸಿಕೊಂಡು, ಗಂಡ ಮತ್ತು ಅತ್ತೆಯ ಎದುರಿನಲ್ಲೇ ಹೇಳಬೇಕು.

ಟಾರ್ಚ್, ರಕ್ತ ಪರೀಕ್ಷೆ, ಮೂರು ತಲೆಮಾರು

ಮುಂದುವರಿದ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಎಷ್ಟೋ ಕಡೆ 30 ಮಂದಿಯೂ ಉಳಿಯುವುದಿಲ್ಲ. ಈ ಅಂತರಕ್ಕೆ ಜೀನ್ ಕಾರಣವಲ್ಲ. ತಡವಾಗಿ ಪತ್ತೆಯಾಗುವುದು, ಅರ್ಧಕ್ಕೆ ಚಿಕಿತ್ಸೆ ಬಿಡುವುದು ಕಾರಣ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2030ರೊಳಗೆ ಎಲ್ಲ ಕಡೆ ಕನಿಷ್ಠ ಶೇ 60ರಷ್ಟು ಮಕ್ಕಳು ಬದುಕಬೇಕು ಎಂಬ ಗುರಿ ಇಟ್ಟಿತು.

ಫ್ಲ್ಯಾಶ್ ಫೋಟೊದಲ್ಲಿ ಪಾಪೆ ಬೆಳ್ಳಗೆ ಕಂಡರೆ, ಮೆಳ್ಳೆಗಣ್ಣು ಹೊಸದಾಗಿ ಬಂದರೆ ಒಂದು ವಾರವೂ ಕಾಯಬಾರದು. ಬಿಡದ ಜ್ವರ, ಬಿಳಿಚಿಕೊಳ್ಳುವುದು, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ರಾತ್ರಿ ಎಬ್ಬಿಸುವ ಮೂಳೆ ನೋವು, ಸ್ನಾನ ಮಾಡಿಸುವಾಗ ಹೊಟ್ಟೆಯಲ್ಲಿ ಕೈಗೆ ಸಿಗುವ ಗಂಟು, ಬೆಳಗ್ಗೆ ಎದ್ದಾಗ ತಲೆನೋವಿನ ಜೊತೆ ವಾಂತಿ, ಇವೂ ತೋರಿಸಬೇಕಾದ ಲಕ್ಷಣಗಳೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಆ ತಪಾಸಣೆಯಲ್ಲಿ ಕಣ್ಣಿಗೆ ಟಾರ್ಚ್ ಬಿಡುವ ಒಂದು ನಿಮಿಷವನ್ನು ಯಾರೂ ಉಳಿಸಬಾರದು.

ಜೀನ್ ಪರೀಕ್ಷೆ ಎಲ್ಲರಿಗೂ ಬೇಕಾಗಿಲ್ಲ. ಎರಡೂ ಕಣ್ಣಿಗೆ ಬಂದ ಗಡ್ಡೆ, ಒಂದೇ ಮಗುವಿಗೆ ಎರಡು ಬೇರೆ ಬೇರೆ ಕ್ಯಾನ್ಸರ್, ಹತ್ತಿರದ ಸಂಬಂಧಿಕರಲ್ಲಿ ಚಿಕ್ಕ ವಯಸ್ಸಿಗೇ ಹಲವರಿಗೆ ಬಂದದ್ದು, ಅಡ್ರಿನಲ್ ಗ್ರಂಥಿಯಂಥ ಅಪರೂಪದ ಜಾಗದ ಗಡ್ಡೆ, ಹೀಗಿದ್ದಾಗ ಬೇಕು. ಒಂದೇ ಕಣ್ಣಿಗೆ ಬಂದವರಲ್ಲೂ ನೂರಕ್ಕೆ ಹದಿನೈದು ಮಂದಿಯಲ್ಲಿ ದೋಷ ಆನುವಂಶಿಕವಾಗಿರುವುದರಿಂದ ಅವರನ್ನೂ ಬಿಡುವಂತಿಲ್ಲ. ಡಾಕ್ಟರ ಹತ್ತಿರ ಹೋಗುವ ಮುನ್ನ ಮೂರು ತಲೆಮಾರಿನ ವಿವರ ಬರೆದುಕೊಂಡು ಹೋಗಿ. ಯಾರಿಗೆ, ಯಾವ ವಯಸ್ಸಿಗೆ, ಯಾವ ಗಡ್ಡೆ, ಎಳವೆಯಲ್ಲೇ ತೀರಿಕೊಂಡ ಮಕ್ಕಳು, ರಕ್ತಸಂಬಂಧದ ಮದುವೆಗಳು. ಈ ಪಟ್ಟಿ ಬರೆಯಲು ಅಜ್ಜಿಯಂದಿರಿಗಿಂತ ಬಲ್ಲವರಿಲ್ಲ. ತಪ್ಪು ಹುಡುಕಲು ಕೇಳುವ ಅದೇ ಪ್ರಶ್ನೆಯನ್ನು ಮೊಮ್ಮಕ್ಕಳನ್ನು ಕಾಯಲು ಕೇಳಬಹುದು. ದಾವಣಗೆರೆಯಂಥ ಎರಡೆರಡು ಮೆಡಿಕಲ್ ಕಾಲೇಜುಗಳಿರುವ ಊರಿನಲ್ಲಿ ಈ ಪಟ್ಟಿಯನ್ನು ಓದಿ, ಸಮಾಧಾನದಿಂದ ಕೂತು ವಿವರಿಸುವ ಜೀನ್ ಸಮಾಲೋಚಕರು ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಇರಬೇಕು. 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿಬರುವ ಕೂಲಿ ಕುಟುಂಬಕ್ಕೆ ಎರಡು ದಿನದ ಸಂಬಳ ಹೋಗುತ್ತದೆ. ಪರೀಕ್ಷೆ ಬಿಟ್ಟುಹೋಗುವುದು ಹೆಚ್ಚಾಗಿ ಅದೇ ಕಾರಣಕ್ಕೆ.

ಜಗಳೂರಿನ ಆ ಮಗುವಿನ ರಕ್ತದಲ್ಲಿ ಆರ್‌ಬಿ1 ದೋಷ ಸಿಕ್ಕಿತು. ಅಪ್ಪ-ಅಮ್ಮ ಇಬ್ಬರದೂ ಪರೀಕ್ಷೆಯಾಯಿತು. ಇಬ್ಬರ ರಕ್ತದಲ್ಲೂ ಇರಲಿಲ್ಲ. ವರದಿ ಓದಿದ ಡಾಕ್ಟರು ಅಜ್ಜಿಯನ್ನೇ ಮುಂದೆ ಕರೆದು, “ಯಾರ ಕಡೆಯಿಂದಲೂ ಬಂದಿಲ್ಲ ಅಜ್ಜಿ, ಇವನಲ್ಲೇ ಹೊಸದಾಗಿ ಆಗಿದ್ದು” ಎಂದರು. ಅಜ್ಜಿ ಸೊಸೆಯ ಕಡೆ ನೋಡಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು. ರಕ್ತದಲ್ಲಿ ಕಾಣದಿದ್ದರೂ ಅಂಡಾಣು, ವೀರ್ಯಾಣುಗಳಲ್ಲಿ ಕೆಲವಕ್ಕೆ ಮಾತ್ರ ದೋಷ ಇರುವ ಸಣ್ಣ ಸಾಧ್ಯತೆ ಉಳಿದೇ ಇರುವುದರಿಂದ ಮುಂದೆ ಹುಟ್ಟುವ ಮಗುವನ್ನೂ ತೋರಿಸಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಕಳೆದ ವರ್ಷ ತಂಗಿ ಹುಟ್ಟಿದಳು. ಬಾಣಂತನ ಮುಗಿಯುವ ಮುಂಚೆಯೇ ಕೂಸನ್ನು ಬೆಂಗಳೂರಿಗೆ ಕರೆದೊಯ್ಯಲು ಹಟ ಹಿಡಿದವರು ಅಜ್ಜಿಯೇ. ಕಣ್ಣು ಎರಡೂ ಶುಭ್ರವಾಗಿದ್ದವು. ಅಣ್ಣನ ದೋಷ ಯಾವುದೆಂದು ನಿಖರವಾಗಿ ಗೊತ್ತಿದ್ದರಿಂದ ಕೂಸಿನ ರಕ್ತದಲ್ಲಿ ಅದೊಂದನ್ನೇ ಹುಡುಕಿದರು. ಇಲ್ಲ ಎಂದು ವರದಿ ಬಂತು. ಅವಳಿಗೆ ಇನ್ನು ಅರಿವಳಿಕೆ ಕೊಟ್ಟು ಕಣ್ಣು ನೋಡುವ ತಪಾಸಣೆ ಬೇಕಿಲ್ಲ, ಬಸ್ಸಿನ ಖರ್ಚೂ ಇಲ್ಲ. ಅಣ್ಣನ ಉಳಿದ ಕಣ್ಣಿನ ತಪಾಸಣೆ ಮಾತ್ರ ಇನ್ನೂ ನಡೆಯುತ್ತಿದೆ, ಮುಂದಿನ ತಾರೀಕನ್ನು ಅಜ್ಜಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟಿಟ್ಟು ಗುರುತು ಮಾಡಿಕೊಂಡಿದ್ದಾರೆ.